ಟ್ರಾಫಿಕ್‌ನಲ್ಲಿ ಎಸಿ ಹಾಕಿದರೆ ಮಾತ್ರ ಎಂಜಿನ್ ಬಿಸಿಯಾಗುತ್ತಿದೆ, ಕಂಪ್ರೆಸರ್ ಬದಲಿಸಬೇಕೇ?

ಬೇಡ. ಕಂಪ್ರೆಸರ್‌ಗೆ, ಅಂದರೆ ಎಸಿಯ ಗ್ಯಾಸ್ ಒತ್ತುವ ಪಂಪ್‌ಗೆ, ಕೈ ಹಾಕಲು ಯಾರಿಗೂ ಬಿಡಬೇಡಿ. ಎಸಿ ಹಾಕಿದರೆ ಎಂಜಿನ್ ಶಾಖ ತೋರಿಸುವ ಮುಳ್ಳು ಏರುತ್ತದೆ, ಆರಿಸಿದರೆ ಇಳಿಯುತ್ತದೆ, ಹೆದ್ದಾರಿಯಲ್ಲಿ ಏನೂ ತೊಂದರೆಯಿಲ್ಲ ಎಂದು ಬರೆದಿದ್ದೀರಿ. ನನ್ನ ಹಳೆಯ ಪೆಟ್ರೋಲ್ ಕಾರು ಹೆಡ್ (ಎಂಜಿನ್‌ನ ಮೇಲ್ಭಾಗ) ಬಿಚ್ಚಿಸಿಕೊಳ್ಳುವ ಮೊದಲು ತೋರಿಸಿದ ಲಕ್ಷಣಗಳು ಇವೇ.

ಆಗ ನಾನಿದ್ದದ್ದು ಮಂಗಳೂರಿನಲ್ಲಿ. ಏಪ್ರಿಲ್ ಸೆಖೆಯಲ್ಲಿ ಪಂಪ್‌ವೆಲ್ ಬಳಿ ವಾಹನಗಳು ಸಾಲುಗಟ್ಟಿ ನಿಂತರೆ ಸಾಕು, ಮುಳ್ಳು ಏರತೊಡಗುತ್ತಿತ್ತು. ಗ್ಯಾರೇಜಿನವರು ಮೊದಲು ಗ್ಯಾಸ್ ತುಂಬಿದರು. ಆಮೇಲೆ ಕಂಪ್ರೆಸರ್ ಬಿಗಿಯಾಗಿ ತಿರುಗುತ್ತಿದೆ ಎಂದು ಅದನ್ನೇ ಬದಲಿಸಿದರು. ಎಸಿ ಇನ್ನಷ್ಟು ತಣ್ಣಗಾಯಿತು, ಎಂಜಿನ್ ಇನ್ನಷ್ಟು ಕಾಯಿತು. ಕೊನೆಗೆ ಎಸಿ ಮುಟ್ಟದೆಯೇ ಕಾರು ಓಡಿಸತೊಡಗಿದೆ. ನನಗೆ ದುಬಾರಿಯಾದ ತಪ್ಪು ಇದೇ. ಇದನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ನೀವೂ ಅದೇ ದಾರಿಯಲ್ಲಿದ್ದೀರಿ.

ಎಸಿ ಆರಿಸಿದೊಡನೆ ಮುಳ್ಳು ಇಳಿಯುತ್ತದೆ, ಹಾಗಾದರೆ ದೋಷ ಎಸಿಯದೇ ಎಂದುಕೊಂಡೆ. ಬಹುತೇಕ ಕಾರುಗಳ ಮುಂಭಾಗದಲ್ಲಿ ಮೊದಲು ಎಸಿಯ ಕಂಡೆನ್ಸರ್ ಇರುತ್ತದೆ, ಅದರ ಹಿಂದೆ ಎಂಜಿನ್‌ನ ಶಾಖ ಹೊತ್ತು ತರುವ ಕೂಲಂಟ್ ದ್ರವವನ್ನು ತಣಿಸುವ ರೇಡಿಯೇಟರ್, ಅದರ ಹಿಂದೆ ಫ್ಯಾನ್. ಕಾರಿನ ಒಳಗಿನಿಂದ ಎಳೆದ ಶಾಖವೆಲ್ಲ ಕಂಡೆನ್ಸರ್‌ನಲ್ಲಿ ಗಾಳಿಗೆ ಸೇರುತ್ತದೆ. ರೇಡಿಯೇಟರ್‌ಗೆ ಸಿಗುವುದು ಹಾಗೆ ಕಾದ ಗಾಳಿ. ಜೊತೆಗೆ ಕಂಪ್ರೆಸರ್ ತಿರುಗಿಸುವ ಹೊರೆಯೂ ಎಂಜಿನ್ ಮೇಲೆ ಬೀಳುತ್ತದೆ. ಇವೆರಡನ್ನೂ ತಾಳಿಕೊಳ್ಳುವ ಲೆಕ್ಕದಲ್ಲಿಯೇ ಕೂಲಿಂಗ್ ವ್ಯವಸ್ಥೆಯನ್ನು ಮಾಡಿರುತ್ತಾರೆ. ತಾಳುತ್ತಿಲ್ಲವೆಂದರೆ ಅದರ ಶಕ್ತಿ ಕುಂದಿದೆ. ಎಸಿ ಆರಿಸಿದಾಗ ಹೊರೆ ಇಳಿಯುತ್ತದೆಯೇ ಹೊರತು ಕುಂದಿದ ಶಕ್ತಿ ಮರಳುವುದಿಲ್ಲ. ಅಷ್ಟೇ ಹೊರೆ ಬೇರೆ ಕಡೆಯಿಂದ ಬಂದರೆ ಎಸಿ ಇಲ್ಲದೆಯೂ ಎಂಜಿನ್ ಕುದಿಯುತ್ತದೆ.

ನನಗೆ ಆ ಹೊರೆ ಶಿರಾಡಿ ಘಾಟಿಯಲ್ಲಿ ಬಂತು. ಗುಂಡ್ಯ ದಾಟಿ ಏರು ಶುರುವಾದ ಮೇಲೆ ಟ್ಯಾಂಕರ್‌ಗಳ ಹಿಂದೆ ಒಂದನೇ ಗೇರು, ಎರಡನೇ ಗೇರು. ಎಂಜಿನ್ ಏದುಸಿರು ಬಿಡುತ್ತಿತ್ತು, ಗಾಳಿ ನುಗ್ಗುವಷ್ಟು ವೇಗವಿರಲಿಲ್ಲ. ಎಸಿ ಬಂದ್ ಇದೆಯಲ್ಲ ಎಂಬ ಧೈರ್ಯದಲ್ಲಿ ನಾನು ಮುಳ್ಳಿನ ಕಡೆ ನೋಡಲೇ ಇಲ್ಲ. ಕೂಲಂಟ್‌ನ ಸಿಹಿ ವಾಸನೆ ಮೂಗಿಗೆ ಬಡಿಯುವ ಹೊತ್ತಿಗೆ ಮುಳ್ಳು ಕೆಂಪು ಗೆರೆ ದಾಟಿತ್ತು. ಅಲ್ಯೂಮಿನಿಯಂ ಹೆಡ್ ಸೊಟ್ಟಗಾಯಿತು, ಅದರ ಅಡಿಯಲ್ಲಿ ಸೋರದಂತೆ ತಡೆಯುವ ಗ್ಯಾಸ್ಕೆಟ್ ಹೋಯಿತು. ಹೆಡ್ ಇಳಿಸಿ ಅದನ್ನು ಸಮತಟ್ಟು ಮಾಡಿಸಿದ (ಫೇಸಿಂಗ್) ಬಿಲ್ಲಿನ ಮುಂದೆ ಕಂಪ್ರೆಸರ್ ಖರ್ಚು ಏನೂ ಅಲ್ಲ.

ಮೂಲ ದೋಷ ಹಿಡಿದವರು ಸಕಲೇಶಪುರದ ಒಬ್ಬ ಹಿರಿಯ ಮೆಕ್ಯಾನಿಕ್. ಹೆಡ್ ಕೂರಿಸಿದ ಮೇಲೆ ಎಂಜಿನ್ ಚಾಲೂ ಮಾಡಿ, ಎಸಿ ಹಾಕಿ, ದಿನಪತ್ರಿಕೆಯ ಒಂದು ಹಾಳೆಯನ್ನು ಮುಂಭಾಗದ ಜಾಲರಿಗೆ ಒತ್ತಿ ಕೈಬಿಟ್ಟರು. ಅದು ಅಂಟಿಕೊಂಡು ನಿಲ್ಲಬೇಕಿತ್ತು. ಜಾರಿ ಬಂಪರ್ ಮೇಲೆ ಬಿತ್ತು. ‘ಫ್ಯಾನ್ ತಿರುಗುತ್ತಿದೆಯಲ್ಲ’ ಎಂದೆ. ‘ತಿರುಗಿದರೆ ಆಯಿತೇ ಸಾರ್, ಎಳೆಯಬೇಕಲ್ಲ’ ಎಂದರು. ಮೋಟಾರಿನ ಕಾರ್ಬನ್ ಬ್ರಷ್‌ಗಳು ಸವೆದು ತುಂಡುಗಳಷ್ಟೇ ಉಳಿದಿದ್ದವು. ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಸಂದಿಯಲ್ಲಿ ಧೂಳು, ಹುಳು, ತರಗೆಲೆ ಸೇರಿ ಕಂಬಳಿಯಂತೆ ಹೆಪ್ಪುಗಟ್ಟಿತ್ತು. ಹೊರಗಿನಿಂದ ಅದು ಕಾಣುವುದೇ ಇಲ್ಲ.

ಹೆದ್ದಾರಿಯಲ್ಲಿ ಓಟದ ಗಾಳಿಯೇ ಸಾಕಾಗುತ್ತದೆ, ಟ್ರಾಫಿಕ್‌ನಲ್ಲಿ ನಿಂತಾಗ ಫ್ಯಾನ್ ಒಂದೇ ಗತಿ. ಹಾಗಾಗಿ ನೀವು ಮೊದಲು ನೋಡಬೇಕಾದದ್ದು ಅದನ್ನೇ. ಬಹುತೇಕ ಕಾರುಗಳಲ್ಲಿ ಎಸಿ ಹಾಕಿದ ಸ್ವಲ್ಪ ಹೊತ್ತಿಗೇ ಫ್ಯಾನ್ ತಿರುಗಬೇಕು. ತಿರುಗದಿದ್ದರೆ ಫ್ಯೂಸ್, ರಿಲೇ, ವೈರಿಂಗ್, ಮೋಟಾರ್ ನೋಡಿಸಿ. ಎರಡು ವೇಗದ ಫ್ಯಾನ್ ಆಗಿದ್ದರೆ ಒಂದು ವೇಗ ಮಾತ್ರ ಸತ್ತಿರಬಹುದು, ಅದನ್ನೂ ಕೇಳಿ. ಎಂಜಿನ್ ನಿಲ್ಲಿಸಿದ ಮೇಲೂ ಅದು ಇದ್ದಕ್ಕಿದ್ದಂತೆ ತಿರುಗಬಹುದು, ಬೆರಳು ಹಾಕಬೇಡಿ. ಸಂದಿಯನ್ನು ಶುಚಿಮಾಡುವಾಗ ಎಂಜಿನ್ ಕಡೆಯಿಂದ ಹೊರಕ್ಕೆ ಮೆಲ್ಲಗೆ ನೀರು ಬಿಡಿಸಿ. ಸರ್ವಿಸ್ ಸ್ಟೇಷನ್ನಿನ ಜೋರು ನೀರಿಗೆ ಕಂಡೆನ್ಸರ್, ರೇಡಿಯೇಟರ್‌ಗಳ ತೆಳು ರೆಕ್ಕೆಗಳು ಮಡಚಿಕೊಳ್ಳುತ್ತವೆ.

ಆಮೇಲೆ ಕೂಲಂಟ್. ಬೋರ್‌ವೆಲ್ ನೀರು ತುಂಬಿಸಿದ್ದೀರಾ? ಗಡಸು ನೀರಿನ ಲವಣ ರೇಡಿಯೇಟರ್ ಕೊಳವೆಗಳೊಳಗೆ ಪದರಗಟ್ಟುತ್ತದೆ. ರೇಡಿಯೇಟರ್ ಮುಚ್ಚಳವೂ ಹಳೆಯದಾದರೆ ಬದಲಿಸಿ, ಒತ್ತಡ ಹಿಡಿದಿಟ್ಟು ಕೂಲಂಟ್ 100 ಡಿಗ್ರಿಯಲ್ಲಿ ಕುದಿಯದಂತೆ ನೋಡಿಕೊಳ್ಳುವುದು ಅದೇ. ಅದೇ ಕಾರಣಕ್ಕೆ ಬಿಸಿಯಿರುವಾಗ ಅದನ್ನು ತೆರೆದರೆ ಮುಖ ಸುಟ್ಟುಹೋಗುತ್ತದೆ. ಶಾಖಕ್ಕೆ ತಕ್ಕಂತೆ ಕೂಲಂಟ್ ಹರಿಯಬಿಡುವ ಥರ್ಮೋಸ್ಟಾಟ್ ಕಿತ್ತುಹಾಕಿದರೆ ಸರಿಹೋಗುತ್ತದೆ ಎನ್ನುವ ಗ್ಯಾರೇಜಿನಿಂದ ಕಾರು ವಾಪಸ್ ತನ್ನಿ. ಕೆಟ್ಟಿದ್ದರೆ ಹೊಸದು ಹಾಕಬೇಕು.

ಹೆದ್ದಾರಿಯಲ್ಲಿಯೂ ಮುಳ್ಳು ಏರತೊಡಗಿದರೆ ನನ್ನ ಮಾತು ಬೇರೆ. ಆಗ ಕಟ್ಟಿಕೊಂಡ ರೇಡಿಯೇಟರ್, ವಾಟರ್ ಪಂಪ್, ಥರ್ಮೋಸ್ಟಾಟ್ ಕಡೆ ಅನುಮಾನ ತಿರುಗಬೇಕು. ಸೋರಿಕೆ ಕಾಣದೆ ಕೂಲಂಟ್ ಕಡಿಮೆಯಾಗುತ್ತಿದ್ದರೆ, ಎಂಜಿನ್ ಓಡುವಾಗ ಕೂಲಂಟ್ ಡಬ್ಬಿಯಲ್ಲಿ ಗುಳ್ಳೆಗಳು ಏಳುತ್ತಲೇ ಇದ್ದರೆ, ಗ್ಯಾಸ್ಕೆಟ್ ಆಗಲೇ ಹೋಗಿರಬಹುದು. ಅಂಥ ಕಾರನ್ನು ಗ್ಯಾರೇಜಿಗೂ ಓಡಿಸಿಕೊಂಡು ಹೋಗಬೇಡಿ, ಎಳೆಸಿಕೊಂಡು ಹೋಗಿ.