ಹಿಡಿ ಗೆಳೆಯನಿಗೆ, ಟ್ರಿಗರ್ ಗನ್‌ಸ್ಮಿತ್‌ಗೆ

ಪ್ರಶ್ನೆ: ನಮಸ್ಕಾರ ಸರ್. ನಮ್ಮೂರು ವಿರಾಜಪೇಟೆ ಕಡೆ. ಹನ್ನೆರಡು ವರ್ಷದಿಂದ ಟೆಕ್ಸಾಸ್‌ನಲ್ಲಿದ್ದೇನೆ. ಮನೆಯಲ್ಲಿ ತೋಕು, ಅಂದರೆ ಕೋವಿ, ನೋಡಿಕೊಂಡೇ ಬೆಳೆದವನು. ಹೋದ ವರ್ಷ ರುಗರ್ ನ್ಯೂ ವಕೇರೋ ರಿವಾಲ್ವರ್ ಕೊಂಡೆ. .45 ಕೋಲ್ಟ್ ತೋಟೆಯದು, ಐದೂವರೆ ಇಂಚಿನ ಬ್ಯಾರಲ್ (ನಳಿಗೆ). ಇದನ್ನು ನನ್ನ ಕೈಗೆ ಹೊಂದುವ ಹಾಗೆ, ನೋಡೋಕೂ ಚೆಂದ ಆಗುವ ಹಾಗೆ ಮಾಡಿಸಿಕೊಳ್ಳಬೇಕು ಅಂತ ಆಸೆ. ಕೈಯಲ್ಲಿ ಕಸುಬು ಇರುವ ಮೂವರು ಗೆಳೆಯರಿದ್ದಾರೆ. ಒಬ್ಬರು ಬಡಗಿ. ಒಬ್ಬರು ಲೇತ್ ಕೆಲಸದಲ್ಲಿ ಪಳಗಿದವರು. ಇನ್ನೊಬ್ಬರು ಚಾಕುಗಳ ಮೇಲೆ ಕೆತ್ತನೆ ಮಾಡುತ್ತಾರೆ. ಯಾವ ಕೆಲಸ ಮೊದಲು ಮಾಡಿಸಲಿ? ಟ್ರಿಗರ್ ಗಟ್ಟಿ ಇದೆ, ಲೇತ್ ಗೆಳೆಯ ಹಗುರ ಮಾಡಿಕೊಡ್ತೀನಿ ಅನ್ನುತ್ತಾರೆ, ಕೊಡಬಹುದಾ? 25 ಗಜದಲ್ಲಿ ಗುಂಡು ಮೂರು ಇಂಚು ಕೆಳಗೆ ಹೊಡೆಯುತ್ತದೆ, ಏನು ಮಾಡಲಿ? ಹಿಡಿಗೆ ಅಜ್ಜನ ಮನೆಯಿಂದ ಕಡವೆ ಕೊಂಬು ತರಿಸಬೇಕು ಅಂದುಕೊಂಡಿದ್ದೇನೆ.

ಉತ್ತರ: ಮೂವರು ಕಸುಬುದಾರ ಗೆಳೆಯರು ಅಂದರೆ ದೊಡ್ಡ ಆಸ್ತಿ. ನಿಮ್ಮದರಂಥ ಸಿಂಗಲ್ ಆ್ಯಕ್ಷನ್ ರಿವಾಲ್ವರ್‌ಗಳ, ಅಂದರೆ ಪ್ರತಿ ಗುಂಡಿಗೂ ಹ್ಯಾಮರನ್ನು (ಸುತ್ತಿಗೆಯಂತೆ ಬಡಿಯುವ ಭಾಗ) ಹೆಬ್ಬೆರಳಲ್ಲಿ ಹಿಂದಕ್ಕೆ ಎಳೆಯಬೇಕಾದವುಗಳ ಚರಿತ್ರೆಯಲ್ಲಿ ಎಲ್ಲರೂ ನೆನೆಯುವ ಒಂದು ರಿವಾಲ್ವರ್ ಹುಟ್ಟಿದ್ದೂ ಇದೇ ರೀತಿ. 1920ರ ದಶಕದ ಕೊನೆಯ ಮಾತು. ಬಂದೂಕುಗಳ ಬಗ್ಗೆ ಬರೆದು ಹೆಸರಾದ ಎಲ್ಮರ್ ಕೀತ್ ಆಗ ಆರೆಗಾನ್‌ನ ಡರ್ಕಿ ಎಂಬಲ್ಲಿ ದನ, ಕುದುರೆ ಸಾಕಿಕೊಂಡಿದ್ದರು. ಫಿಲಡೆಲ್ಫಿಯಾದಿಂದ ಹೆರಾಲ್ಡ್ ಕ್ರಾಫ್ಟ್ ಎಂಬ ಹವ್ಯಾಸಿ, ತಾನು ಮಾಡಿಸಿದ್ದ ರಿವಾಲ್ವರ್‌ಗಳನ್ನು ತೋರಿಸಲು ಅಷ್ಟು ದೂರ ಬಂದರು. ಇಬ್ಬರೂ ಕೂತು ಗುಂಡು ಹಾರಿಸಿ ನೋಡಿದರು, ಇದು ಹೀಗಿದ್ದರೆ ಚೆನ್ನ, ಅದು ಹಾಗಿದ್ದರೆ ಚೆನ್ನ ಅಂತ ಮಾತಾಡಿದರು. ಆಮೇಲೆ ಕೀತ್ ತಮಗೊಂದು ಕೋಲ್ಟ್ ಮಾಡಿಸಿಕೊಂಡರು. ಕ್ರಾಫ್ಟ್ ಬಳಿ ಒಂದರಿಂದ ನಾಲ್ಕರವರೆಗೆ ನಂಬರ್ ಹಾಕಿದ ರಿವಾಲ್ವರ್‌ಗಳು ಇದ್ದವು, ಹಾಗಾಗಿ ಇದು 'ನಂಬರ್ 5' ಆಯಿತು.

ಅದರಲ್ಲಿ ನೀಲ್ ಹೌಚಿನ್ಸ್, ಆರ್.ಎಫ್. ಸೆಡ್ಗ್ಲಿ, ಜೆ.ಡಿ. ಒಮಿಯಾರಾ ಎಂಬ ಕಸುಬುದಾರರ ಕೈಕೆಲಸ ಸೇರಿತ್ತು. ಒಬ್ಬರೇ ಎಲ್ಲವನ್ನೂ ಮಾಡಲಿಲ್ಲ. ನೀವು ಹಿಡಿಯಬೇಕಾದ ದಾರಿಯೂ ಅದೇ. ಯಾರ ಕೈಗೆ ಯಾವ ಕೆಲಸ ಒಗ್ಗುತ್ತದೋ ಅದನ್ನಷ್ಟೇ ಅವರಿಗೆ ಕೊಡಿ.

ಹಾಗಾಗಿ ಟ್ರಿಗರ್ ವಿಷಯ ಮೊದಲು ಹೇಳಿಬಿಡುತ್ತೇನೆ. ನಿಮ್ಮ ಲೇತ್ ಗೆಳೆಯರ ಕೈ ಎಷ್ಟೇ ಪಳಗಿದ್ದರೂ ಟ್ರಿಗರ್ ಮಾತ್ರ ಅವರಿಗೆ ಕೊಡಬೇಡಿ. ಹ್ಯಾಮರ್‌ನಲ್ಲಿ ಒಂದು ಸಣ್ಣ ಕಚ್ಚು ಇರುತ್ತದೆ. ಟ್ರಿಗರ್‌ನ ತುದಿ ಅದರಲ್ಲಿ ಕೂತಿರುತ್ತದೆ. ಎರಡೂ ಸೇರುವ ಜಾಗ ತೀರಾ ಕಿರಿದು. ಅಲ್ಲಿನ ಕೋನ ಕೂದಲೆಳೆಯಷ್ಟು ತಪ್ಪಿದರೂ ಎಳೆದು ನಿಲ್ಲಿಸಿದ ಹ್ಯಾಮರ್ ತಾನಾಗಿಯೇ ಜಾರಬಹುದು. ನಾನು ಹೋಗುವ ರೇಂಜ್‌ನಲ್ಲಿ ಒಬ್ಬರ ಹಳೇ ಮಾದರಿ ರಿವಾಲ್ವರ್‌ನಲ್ಲಿ ಹಾಗೇ ಆಯಿತು. ಮೆಷಿನ್ ಕೆಲಸದಲ್ಲಿ ಹೆಸರು ಮಾಡಿದ ಗೆಳೆಯರೊಬ್ಬರು ಆ ಕಚ್ಚನ್ನು ಕನ್ನಡಿ ಹಾಗೆ ಹೊಳೆಯುವಂತೆ ತಿಕ್ಕಿಕೊಟ್ಟಿದ್ದರು. ಇವರು ಹ್ಯಾಮರ್ ಎಳೆದು ಹೆಬ್ಬೆರಳು ತೆಗೆದರು, ಅಷ್ಟೇ. ಟ್ರಿಗರ್ ಮುಟ್ಟಿಯೇ ಇರಲಿಲ್ಲ. ಗುಂಡು ಮುಂದಿನ ಬೆಂಚಿನ ಹಲಗೆಯಲ್ಲಿ ಹೊಕ್ಕಿತು. ಯಾರಿಗೂ ಏನೂ ಆಗಲಿಲ್ಲ, ಆದರೆ ಆ ಸದ್ದು ನನಗೆ ಇವತ್ತಿಗೂ ಮರೆತಿಲ್ಲ.

ನಿಮ್ಮದರಲ್ಲಿ ಒಂದು ರಕ್ಷಣೆ ಜಾಸ್ತಿ ಇದೆ. 1873ರ ಕೋಲ್ಟ್ ಮಾದರಿಯಲ್ಲಿ ಹ್ಯಾಮರ್ ಕೆಳಗಿದ್ದಾಗ ಅದರ ಮೊನೆ ನೇರ ತೋಟೆಯ ಮೇಲೇ ಕೂರುತ್ತದೆ. ಅದಕ್ಕೇ ತಿಳಿದವರು ಆರು ಮನೆಯ ಸಿಲಿಂಡರ್‌ಗೆ (ತೋಟೆ ತುಂಬುವ, ತಿರುಗುವ ಉರುಳೆ) ಐದೇ ತೋಟೆ ತುಂಬಿ, ಖಾಲಿ ಮನೆಯ ಮೇಲೆ ಹ್ಯಾಮರ್ ಇಳಿಸುತ್ತಾರೆ. ರುಗರ್ 1973ರಲ್ಲಿ ತನ್ನ ಸಿಂಗಲ್ ಆ್ಯಕ್ಷನ್‌ಗಳಿಗೆ ಟ್ರಾನ್ಸ್‌ಫರ್ ಬಾರ್ ಎಂಬ ಲೋಹದ ಪಟ್ಟಿ ತಂದಿತು. ಟ್ರಿಗರ್ ಎಳೆದಾಗ ಮಾತ್ರ ಆ ಪಟ್ಟಿ ಮೇಲೆದ್ದು ಹ್ಯಾಮರ್‌ನ ಏಟನ್ನು ಫೈರಿಂಗ್ ಪಿನ್‌ಗೆ, ಅಂದರೆ ತೋಟೆಗೆ ಬಡಿಯುವ ಮೊಳೆಗೆ, ದಾಟಿಸುತ್ತದೆ. ಈ ಪಟ್ಟಿಯನ್ನೂ ಯಾರೂ ತಿಕ್ಕುವ ಹಾಗಿಲ್ಲ. ಟ್ರಿಗರ್ ಹಗುರ ಬೇಕೇ ಬೇಕು ಅಂದರೆ ಸಿಂಗಲ್ ಆ್ಯಕ್ಷನ್ ಬಲ್ಲ ಲೈಸೆನ್ಸ್ ಇರುವ ಗನ್‌ಸ್ಮಿತ್‌ಗೇ (ಬಂದೂಕು ರಿಪೇರಿ ಕಸುಬುದಾರ) ಕೊಡಿ. ಆ ದುಡ್ಡು ದಂಡ ಅಲ್ಲ.

ಲೇತ್ ಗೆಳೆಯರಿಗೆ ಬೇಸರ ಆಗದಿರಲಿ, ಅವರಿಗೂ ಒಳ್ಳೆ ಕೆಲಸ ಇದೆ. ಅಳತೆ. ಹಲವು .45 ರುಗರ್‌ಗಳಲ್ಲಿ ಸಿಲಿಂಡರ್ ಮನೆಗಳ ಮುಂದಿನ ಬಾಯಿ ಬಿಗಿಯಾಗಿ ಬಂದಿರುವುದುಂಟು. ಸಿಲಿಂಡರ್ ಹೊರಗೆ ತೆಗೆಯಿರಿ. ನೀವು ಬಳಸುವ ಗುಂಡನ್ನು, ತೋಟೆಯನ್ನಲ್ಲ, ಬರೀ ಸೀಸದ ಗುಂಡನ್ನು, ಮುಂದಿನಿಂದ ಬೆರಳಲ್ಲಿ ಒತ್ತಿ ನೋಡಿ. ಮೆಲ್ಲಗೆ ಜಾರಿ ಹೋದರೆ ಸರಿ. ಆರರಲ್ಲಿ ಎರಡು ಮನೆಗೆ ಹೋಗಿ ನಾಲ್ಕಕ್ಕೆ ಹೋಗದಿದ್ದರೆ ಗುಂಡುಗಳು ಚೆದರಿ ಬೀಳುವುದಕ್ಕೆ ಅದೂ ಒಂದು ಕಾರಣ. .452 ಇಂಚಿನ ಗುಂಡಿಗೆ ಬಾಯಿ .4525 ಇಂಚು ಇದ್ದರೆ ಒಳ್ಳೆಯದು. ಗೆಳೆಯರು ಪಿನ್ ಗೇಜ್ (ತೂತಿನ ಅಗಲ ಅಳೆಯುವ ಸರಳು) ಹಾಕಿ ಆರೂ ಮನೆಯ ಅಳತೆ ಬರೆದುಕೊಡಲಿ. ಬಿಗಿ ಇದ್ದರೆ ಸರಿಯಾದ ರೀಮರ್ (ತೂತು ಹಿಗ್ಗಿಸುವ ಉಪಕರಣ) ಇರುವ ಗನ್‌ಸ್ಮಿತ್ ಆ ಚೀಟಿ ನೋಡಿ ಮುಂದಿನದು ಮಾಡುತ್ತಾರೆ. ಇನ್ನೊಂದು ಮಾತು. 'ರುಗರ್‌ಗೆ ಮಾತ್ರ' ಅಂತ ಬರೆದ ಭಾರಿ .45 ತೋಟೆಗಳನ್ನು ನಿಮ್ಮದಕ್ಕೆ ಹಾಕಬೇಡಿ. ಅವು ದೊಡ್ಡ ಫ್ರೇಮಿನವಕ್ಕೆ (ರಿವಾಲ್ವರ್‌ನ ಮುಖ್ಯ ಚೌಕಟ್ಟು). 2005ರಲ್ಲಿ ಬಂದ ನ್ಯೂ ವಕೇರೋ 1993ರ ಹಳೇ ವಕೇರೋಗಿಂತ ಚಿಕ್ಕದು.

ಗುಂಡು ಕೆಳಗೆ ಹೊಡೆಯುತ್ತಿರುವುದು ನಿಮ್ಮ ಅದೃಷ್ಟ ಅನ್ನಬೇಕು. ಮೇಲೆ ಹೊಡೆಯುತ್ತಿದ್ದರೆ ಮುಂದಿನ ಸೈಟಿಗೆ (ಗುರಿ ನೋಡುವ ಮೊನೆ) ಲೋಹ ಸೇರಿಸಬೇಕಿತ್ತು. ಕೆಳಗೆ ಹೊಡೆದರೆ ಅರದಿಂದ ಉಜ್ಜಿ ಇಳಿಸಿದರೆ ಸಾಕು. ಲೆಕ್ಕ ಸುಲಭ. 25 ಗಜ ಅಂದರೆ 900 ಇಂಚು. ಹಿಂದಿನ ಸೈಟಿನಿಂದ ಮುಂದಿನದಕ್ಕೆ 7 ಇಂಚು ಇದೆ ಅಂದುಕೊಳ್ಳಿ. ಮೂರನ್ನು ಏಳರಿಂದ ಗುಣಿಸಿ 900ರಿಂದ ಭಾಗಿಸಿ. 0.023 ಇಂಚು ಬರುತ್ತದೆ, ಅರ್ಧ ಮಿಲಿಮೀಟರ್‌ಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ನಿಮ್ಮದರ ದೂರ ಅಳೆದು ಹಾಕಿಕೊಳ್ಳಿ. ಲೆಕ್ಕದ ಅರ್ಧದಷ್ಟು ಮಾತ್ರ ಉಜ್ಜಿ, ಮತ್ತೆ ಹಾರಿಸಿ ನೋಡಿ, ಆಮೇಲೆ ಉಳಿದದ್ದು. ಅದಕ್ಕೂ ಮುಂಚೆ ಯಾವ ತೋಟೆ ಬಳಸುತ್ತೀರಿ ಅಂತ ಖಾಯಂ ಮಾಡಿಕೊಳ್ಳಿ. ನಾನು ಒಮ್ಮೆ ಹಗುರ ಗುಂಡಿಗೆ ಸೈಟ್ ಉಜ್ಜಿಬಿಟ್ಟೆ. ಆಮೇಲೆ ಭಾರದ ಗುಂಡಿಗೆ ಬದಲಾಯಿಸಿದಾಗ ಎಲ್ಲವೂ ಮೇಲಕ್ಕೆ ಹೋಗತೊಡಗಿದವು. ಉಜ್ಜಿದ ಲೋಹ ವಾಪಸ್ ಬರಲಿಲ್ಲ, ಹೊಸ ಸೈಟ್ ಹಾಕಿಸಬೇಕಾಯಿತು.

ಈಗ ಹಿಡಿ. ನನಗೆ ತುಂಬಾ ಇಷ್ಟದ ಭಾಗ ಇದು. ಸಿಂಗಲ್ ಆ್ಯಕ್ಷನ್‌ನ ಹಿಡಿ ನೇಗಿಲ ಹಿಡಿಯ ಹಾಗೆ ಬಾಗಿರುತ್ತದೆ. ಗುಂಡು ಹಾರಿದಾಗ ಅದು ಅಂಗೈಯಲ್ಲಿ ಮೇಲಕ್ಕೆ ಉರುಳಬೇಕು, ಹಾಗೆ ಉರುಳಿಯೇ ಒದೆತವನ್ನು ತಿನ್ನುತ್ತದೆ. ಮರ ತೀರಾ ದಪ್ಪ ಇದ್ದರೆ ಕೈ ಅದನ್ನು ಬಿಗಿಯಾಗಿ ಹಿಡಿಯಲಾರದು, ತೀರಾ ತೆಳು ಇದ್ದರೆ ಟ್ರಿಗರ್ ಗಾರ್ಡ್‌ನ ಹಿಂಭಾಗ ನಡುಬೆರಳಿನ ಗೆಣ್ಣಿಗೆ ಬಡಿಯುತ್ತದೆ. ಹಾಗಾಗಿ ಬಡಗಿ ಗೆಳೆಯರು ಅಳತೆ ತೆಗೆಯುವಾಗ ನೀವು ಪಕ್ಕದಲ್ಲೇ ಇರಿ. ಖಾಲಿ ರಿವಾಲ್ವರ್ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಬೆರಳು ಎಲ್ಲಿ ಕೂರುತ್ತದೆ ಅಂತ ಅವರಿಗೆ ತೋರಿಸಿ.

ಕೂರಿಸುವ ಕೆಲಸ ಹೀಗೆ. ಹಿಡಿಯ ಲೋಹದ ಚೌಕಟ್ಟಿನ ಅಂಚಿಗೆ ದೀಪದ ಮಸಿಯನ್ನು ಎಣ್ಣೆಯಲ್ಲಿ ಕಲಸಿ ತೆಳ್ಳಗೆ ಸವರಬೇಕು. ಮರದ ತುಂಡನ್ನು ಅದಕ್ಕೆ ಒತ್ತಿ ತೆಗೆದರೆ ತಾಗಿದ ಕಡೆಯಲ್ಲೆಲ್ಲ ಕಪ್ಪು ಚುಕ್ಕೆ ಮೂಡುತ್ತದೆ. ಉಳಿಯಲ್ಲಿ ಆ ಚುಕ್ಕೆಯನ್ನಷ್ಟೇ ಕೆರೆಯುವುದು. ಮತ್ತೆ ಮಸಿ, ಮತ್ತೆ ಒತ್ತು, ಮತ್ತೆ ಕೆರೆ. ಇಪ್ಪತ್ತು ಮೂವತ್ತು ಸಲ ಆದಮೇಲೆ ಅಂಚಿನ ಉದ್ದಕ್ಕೂ ಒಂದೇ ಸಮನಾದ ಕಪ್ಪು ಗೆರೆ ಬರುತ್ತದೆ. ಆಗ ಉಗುರು ಆಡಿಸಿದರೂ ಮರ ಎಲ್ಲಿ ಮುಗಿದು ಕಬ್ಬಿಣ ಎಲ್ಲಿ ಶುರುವಾಯಿತು ಅಂತ ಗೊತ್ತಾಗುವುದಿಲ್ಲ. ಅವಸರದ ಕೆಲಸದಲ್ಲಿ ಈ ಸುಖ ಸಿಗದು.

ಕೆತ್ತನೆ ಕೆಲಸ ಹಿಡಿ ಆದಮೇಲೆ, ಲೋಹಕ್ಕೆ ಬಣ್ಣ ಕೊಡಿಸುವುದಕ್ಕಿಂತ ಮುಂಚೆ. ಸುಮ್ನೆ ಎಲ್ಲ ಕಡೆ ತುಂಬಿಸಬೇಡಿ, ಸಿಲಿಂಡರ್ ಮತ್ತು ಫ್ರೇಮಿನ ಎರಡು ಪಕ್ಕ ಸಾಕು. ಗೆಳೆಯರಿಗೆ ಸೀರಿಯಲ್ ನಂಬರನ್ನು ಬೆರಳಿಟ್ಟು ತೋರಿಸಿ. ಉಳಿಯಾಗಲಿ ಪಾಲಿಶ್ ಚಕ್ರವಾಗಲಿ ಅದರ ಹತ್ತಿರ ಸುಳಿಯಬಾರದು. ನಂಬರ್ ಅಳಿಸುವುದು ಅಮೆರಿಕದಲ್ಲಿ ಕೇಂದ್ರ ಕಾನೂನಿನ ಪ್ರಕಾರ ಅಪರಾಧ. ಗೆಳೆಯರು ದುಡ್ಡು ತೆಗೆದುಕೊಂಡು ಕಸುಬಾಗಿ ಇಂಥ ಕೆಲಸ ಮಾಡುವವರಾದರೆ ಅವರಿಗೂ ಲೈಸೆನ್ಸ್ ಬೇಕು. ರಿವಾಲ್ವರನ್ನು ಅವರ ಮನೆಯಲ್ಲಿ ಬಿಟ್ಟು ಬರುವುದಕ್ಕಿಂತ ನೀವೂ ಜೊತೆಗೆ ಕೂರುವುದು ವಾಸಿ.

ಕೊನೆಗೆ ಕೊಂಬು. ನಿಮ್ಮ ಆಸೆ ಅರ್ಥವಾಗುತ್ತದೆ. ಅಮೆರಿಕದ ಹಳೇ ರಿವಾಲ್ವರ್‌ಗಳ ಹಿಡಿಗೆ, ಚಾಕುಗಳ ಹಿಡಿಗೆ ನಮ್ಮ ಕಡೆಯ ಕಡವೆ ಕೊಂಬೇ ಹೋಗುತ್ತಿತ್ತು. ಒಳಗೆ ಗಟ್ಟಿ, ಮೇಲೆ ಮರದ ತೊಗಟೆಯಂಥ ಗೆರೆ. ಆದರೆ ಭಾರತ 1990ರ ದಶಕದ ಕೊನೆಯಲ್ಲೇ ಅದರ ರಫ್ತು ನಿಲ್ಲಿಸಿತು. ಅಜ್ಜನ ಕಾಲದ್ದಾದರೂ, ಕಾಡಲ್ಲಿ ಉದುರಿ ಬಿದ್ದದ್ದಾದರೂ ವನ್ಯಜೀವಿ ಕಾಯ್ದೆ ಅದಕ್ಕೂ ಅನ್ವಯಿಸುತ್ತದೆ. ಸೂಟ್‌ಕೇಸಿನಲ್ಲಿ ಹಾಕಿಕೊಂಡು ಬರುವ ಯೋಚನೆ ಬಿಟ್ಟುಬಿಡಿ. ಬೀಟೆ ಮರಕ್ಕೂ ಅಂತರರಾಷ್ಟ್ರೀಯ ನಿರ್ಬಂಧ ಇದೆ, ಅದೂ ಬೇಡ. ನಿಮ್ಮ ಟೆಕ್ಸಾಸ್‌ನಲ್ಲೇ ಮೆಸ್ಕೀಟ್ ಇದೆಯಲ್ಲ. ನಮ್ಮ ಬಳ್ಳಾರಿ ಜಾಲಿಯ ಹತ್ತಿರದ ನೆಂಟ. ಹವೆ ಬದಲಾದರೂ ಜಾಸ್ತಿ ಹಿಗ್ಗುವುದಿಲ್ಲ, ಕುಗ್ಗುವುದಿಲ್ಲ. ಕೆಂಪು ಕಂದು ಬಣ್ಣ, ಎಣ್ಣೆ ಹಚ್ಚಿದಷ್ಟೂ ಒಳಗಿಂದ ಹೊಳೆಯುತ್ತದೆ. ಚೆನ್ನಾಗಿ ಒಣಗಿದ, ಬಿರುಕಿಲ್ಲದ ತುಂಡು ಆರಿಸಲು ಬಡಗಿ ಗೆಳೆಯರಿಗೆ ಹೇಳಿ. ಎರಡೂ ಪಕ್ಕಕ್ಕೆ ಒಂದೇ ಹಲಗೆಯನ್ನು ಸೀಳಿ ತೆಗೆದರೆ ಗೆರೆಗಳು ಪುಸ್ತಕ ಬಿಚ್ಚಿಟ್ಟ ಹಾಗೆ ಎದುರುಬದುರು ಕೂರುತ್ತವೆ.