ಓದುಗರ ಪ್ರಶ್ನೆ: ‘ರ್’ ನುಂಗಿದವರು ಯಾರು?

ಈ ಸಲ ಬಂದ ಪ್ರಶ್ನೆಗಳಲ್ಲಿ ಇಂಗ್ಲಿಷ್ ಉಚ್ಚಾರಣೆಯ ಮೇಲಿನವೇ ಜಾಸ್ತಿ. ಬಿಡಿಬಿಡಿಯಾಗಿ ಹಾಕುವ ಬದಲು ಎಲ್ಲವನ್ನೂ ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಶಾಲೆಯಲ್ಲಿ ಮೇಷ್ಟ್ರು ನಮಗೆ ‘ಕಾರ್’, ‘ವಾಟರ್’ ಅಂತ ಕಲಿಸಿದರು. ಬಿಬಿಸಿ ಕೇಳಿದರೆ ‘ಕಾ’, ‘ವೋಟ’ ಅಂದಹಾಗೆ ಕೇಳುತ್ತೆ. ಅಮೆರಿಕದಲ್ಲಿ ಹುಟ್ಟಿದ ನನ್ನ ಮೊಮ್ಮಗ ‘ವಾಡರ್’ ಅಂತಾನೆ. ಇದರಲ್ಲಿ ಅಸಲಿ ಇಂಗ್ಲಿಷ್ ಯಾವುದು ಸರ್?
– ತಿಪಟೂರಿನಿಂದ ಒಬ್ಬ ಓದುಗರು

ಉತ್ತರ: ಹಳೆಯದೇ ಅಸಲಿ ಅನ್ನುವುದಾದರೆ, ‘ರ್’ ಮಟ್ಟಿಗೆ ಗೆದ್ದವರು ನಿಮ್ಮ ಮೇಷ್ಟ್ರು, ಜೊತೆಗೆ ಮೊಮ್ಮಗ. 1607ರಲ್ಲಿ ಇಂಗ್ಲಿಷರು ವರ್ಜೀನಿಯಾದ ಜೇಮ್ಸ್‌ಟೌನ್‌ನಲ್ಲಿ ನೆಲೆ ನಿಂತಾಗ ಇಂಗ್ಲೆಂಡಿನಲ್ಲೂ ಹೆಚ್ಚಿನವರು ಬರೆದ ‘ರ್’ ಅನ್ನು ಸರಿಯಾಗಿ ಉಚ್ಚರಿಸುತ್ತಿದ್ದರು. ವಲಸೆ ಹೋದವರು ಅದನ್ನೇ ತಮ್ಮ ಜೊತೆ ಒಯ್ದರು. ಆಮೇಲೆ ಲಂಡನ್ನೇ ಬದಲಾಯಿತು. 1791ರಲ್ಲಿ ಜಾನ್ ವಾಕರ್ ಎಂಬಾತ ಉಚ್ಚಾರಣೆಗೆಂದೇ ಒಂದು ನಿಘಂಟು ತಂದ. ಲಂಡನ್ನಿನವರ ಬಾಯಲ್ಲಿ ‘ಕಾರ್ಡ್’ ಅನ್ನುವುದು ಹೆಚ್ಚುಕಮ್ಮಿ ‘ಕಾಡ್’ ಆಗಿಬಿಟ್ಟಿದೆ ಅಂತ ಅದರಲ್ಲಿ ಬರೆದಿದ್ದಾನೆ. ಅಷ್ಟರಲ್ಲಿ ಅಮೆರಿಕ ಬೇರೆ ದೇಶವೇ ಆಗಿತ್ತು.

ಆದರೂ ಬಾಸ್ಟನ್, ನ್ಯೂಯಾರ್ಕ್ ಮತ್ತು ದಕ್ಷಿಣದ ಕೆಲವು ಬಂದರು ಊರುಗಳಿಗೆ ಲಂಡನ್ ಜೊತೆ ವ್ಯಾಪಾರ, ಓಡಾಟ ಎಲ್ಲ ಇತ್ತಲ್ಲ, ಅಲ್ಲಿನ ಸಿರಿವಂತರೂ ‘ರ್’ ನುಂಗತೊಡಗಿದರು. ಅಮೆರಿಕದ ಅಧ್ಯಕ್ಷರಾಗಿದ್ದ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರ ರೇಡಿಯೋ ಭಾಷಣ ಕೇಳಿನೋಡಿ, ‘ವಾರ್’ ಅನ್ನುವ ಕಡೆ ‘ವಾ’ ಅಂದಹಾಗೆ ಇರುತ್ತೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಗಾಳಿ ತಿರುಗಿತು. ‘ರ್’ ಹೇಳುವುದೇ ದೊಡ್ಡಸ್ತಿಕೆ ಆಯಿತು.

ಇದನ್ನು ವಿಲಿಯಂ ಲಬೋವ್ ಎಂಬ ಭಾಷಾವಿಜ್ಞಾನಿ 1962ರಲ್ಲಿ ಪತ್ತೆ ಹಚ್ಚಿದ ರೀತಿ ಮಜವಾಗಿದೆ. ನ್ಯೂಯಾರ್ಕಿನ ಮೂರು ದೊಡ್ಡ ಅಂಗಡಿ ಆರಿಸಿಕೊಂಡರು. ಸ್ಯಾಕ್ಸ್ ದುಬಾರಿ, ಮೇಸೀಸ್ ಮಧ್ಯಮ ವರ್ಗದ್ದು, ಎಸ್. ಕ್ಲೈನ್ ಅಗ್ಗದ್ದು. ನಾಲ್ಕನೇ ಮಹಡಿಯಲ್ಲಿ ಸಿಗುವ ಸಾಮಾನು ಯಾವುದು ಅಂತ ಮೊದಲೇ ತಿಳಿದುಕೊಂಡು, ಅದು ಎಲ್ಲಿದೆ ಅಂತ ಕೆಲಸದವರನ್ನು ಕೇಳುವುದು. ಅವರು ‘ಫೋರ್ತ್ ಫ್ಲೋರ್’ ಅನ್ನಲೇಬೇಕು, ಎರಡು ‘ರ್’ ಪುಕ್ಕಟೆಯಾಗಿ ಸಿಕ್ಕಿದವು. ಕೇಳಿಸದವರ ಹಾಗೆ ನಟಿಸಿ ಇನ್ನೊಂದು ಸಲ ಹೇಳಿಸುವುದು, ಆಮೇಲೆ ಮರೆಗೆ ಹೋಗಿ ಬರೆದುಕೊಳ್ಳುವುದು. ಸ್ಯಾಕ್ಸ್‌ನವರು ‘ರ್’ ಎಲ್ಲರಿಗಿಂತ ಹೆಚ್ಚು ಬಳಸಿದರು, ಕ್ಲೈನ್‌ನವರು ಎಲ್ಲರಿಗಿಂತ ಕಡಿಮೆ. ಅದೇ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಇದು ತಲೆಕೆಳಗು. ಅಲ್ಲಿ ‘ರ್’ ಒತ್ತಿ ಹೇಳಿದರೆ ಹಳ್ಳಿ ಕಡೆಯವರು ಅಂತಿದ್ದರು.

ಹಾಗಂತ ಅಮೆರಿಕನ್ನರು ಶೇಕ್ಸ್‌ಪಿಯರ್ ಕಾಲದ ಇಂಗ್ಲಿಷ್ ಉಳಿಸಿಕೊಂಡಿದ್ದಾರೆ ಅಂತ ವಾಟ್ಸಾಪ್‌ನಲ್ಲಿ ಬರುವುದನ್ನು ನಂಬಬೇಡಿ. ಅವರ ನಾಲಿಗೆಯೂ ಬೇಕಾದಷ್ಟು ಹೊರಳಿದೆ. ಇನ್ನು ಮೊಮ್ಮಗನ ‘ವಾಡರ್’ ಬಗ್ಗೆ ಒಂದು ಮಾತು. ಅದು ನಮ್ಮ ‘ಡ’ ಅಲ್ಲ. ಎರಡು ಸ್ವರಗಳ ನಡುವೆ ‘ಟ್’ ಸಿಕ್ಕಿಕೊಂಡಾಗ ನಾಲಿಗೆಯ ತುದಿ ಒಂದೇ ಒಂದು ಸಲ ತಟ್ಟಿ ಹಿಂದೆ ಬರುತ್ತೆ, ನಾವು ‘ಮರ’ ಅಂತ ಬಿರುಸಾಗಿ ಹೇಳುವಾಗ ಆಗುತ್ತಲ್ಲ, ಹೆಚ್ಚುಕಮ್ಮಿ ಹಾಗೇ. ನಮ್ಮ ಕಿವಿಗೆ ಅದು ‘ಡ’ ಅನ್ನಿಸುತ್ತೆ, ಅಷ್ಟೇ. ಲಂಡನ್ನಿನ ಬೀದಿಗಳಲ್ಲಿ ಆ ‘ಟ್’ ಪೂರ್ತಿ ಮಾಯವಾಗಿ ಗಂಟಲಲ್ಲೇ ಸಿಕ್ಕಿಹಾಕಿಕೊಳ್ಳುತ್ತೆ: ‘ವೋ–ಅ’.

ಪ್ರಶ್ನೆ: ಬ್ರಿಟಿಷರು ‘ರ್’ ನುಂಗುತ್ತಾರೆ ಅಂತೀರಿ. ಆದರೆ ಬಿಬಿಸಿ ವಾರ್ತೆಯಲ್ಲಿ ‘ಇಂಡಿಯರ್ ಅಂಡ್ ಪಾಕಿಸ್ತಾನ್’ ಅಂದದ್ದು ನಾನೇ ಕೇಳಿದ್ದೇನೆ. ಇಲ್ಲದ ‘ರ್’ ಎಲ್ಲಿಂದ ಬಂತು?
– ಧಾರವಾಡದ ಓದುಗರು

ಉತ್ತರ: ನಿಮ್ಮ ಕಿವಿ ಚುರುಕಾಗಿದೆ! ಅವರು ‘ಕಾ’ ಅಂದರೂ ಮುಂದೆ ಸ್ವರ ಬಂದರೆ ನುಂಗಿದ ‘ರ್’ ವಾಪಸ್ ಬರುತ್ತೆ, ‘ಕಾರ್ ಈಸ್’ ಅಂತಲೇ ಹೇಳುತ್ತಾರೆ. ಈ ಅಭ್ಯಾಸ ಎಷ್ಟು ಬಲವಾಗಿದೆ ಅಂದರೆ ಬರಹದಲ್ಲಿ ‘ರ್’ ಇಲ್ಲದ ಕಡೆಯೂ, ಕೆಲವು ಸ್ವರಗಳ ಮುಂದೆ ಇನ್ನೊಂದು ಸ್ವರ ಬಂದ ಕೂಡಲೇ ನಡುವೆ ಒಂದನ್ನು ತೂರಿಸಿಬಿಡುತ್ತಾರೆ. ‘ಲಾ ಅಂಡ್ ಆರ್ಡರ್’ ಹೀಗೆಯೇ ‘ಲೋರ್ ಅಂಡ್ ಓಡ’ ಆಗುತ್ತೆ. ಇದರ ಮೇಲೆ ಸಿಡಿಮಿಡಿಗೊಳ್ಳುವ ಬ್ರಿಟಿಷರೂ ಇದ್ದಾರೆ. ನನಗಂತೂ ಇದು ತಪ್ಪು ಅನ್ನಿಸುವುದಿಲ್ಲ. ಮನೆ ಜೊತೆ ‘ಅಲ್ಲಿ’ ಸೇರಿಸಿ ‘ಮನೆಯಲ್ಲಿ’ ಅನ್ನುವಾಗ ನಾವು ‘ಯ’ ತೂರಿಸುವುದಿಲ್ಲವಾ? ಆಗಮಸಂಧಿ, ಹೈಸ್ಕೂಲಿನ ವ್ಯಾಕರಣ.

ಪ್ರಶ್ನೆ: ‘ಶೆಡ್ಯೂಲ್’ ಸರಿಯೋ ‘ಸ್ಕೆಜೂಲ್’ ಸರಿಯೋ? ಆಫೀಸಿನಲ್ಲಿ ಪಂದ್ಯ ಕಟ್ಟಿದ್ದೇವೆ.
– ಬೆಂಗಳೂರಿನ ಓದುಗರು

ಉತ್ತರ: ದುಡ್ಡು ವಾಪಸ್ ತಗೊಳ್ಳಿ. ‘ಶ’ ಬ್ರಿಟನ್ನಿನದು, ‘ಸ್ಕ’ ಅಮೆರಿಕದ್ದು, ಮತ್ತು ಬ್ರಿಟನ್ನಿನ ಹುಡುಗರೇ ಈಗ ‘ಸ್ಕ’ ಅನ್ನತೊಡಗಿದ್ದಾರೆ.

ಪ್ರಶ್ನೆ: ನಮ್ಮ ಕನ್ನಡಿಗರ ಇಂಗ್ಲಿಷ್ ಬ್ರಿಟಿಷಾ, ಅಮೆರಿಕನ್ನಾ?
– ಉಡುಪಿಯ ಓದುಗರು

ಉತ್ತರ: ಕಲಿಸಿದವರು ಬ್ರಿಟಿಷರು, ಸ್ಪೆಲ್ಲಿಂಗ್ ಅವರದ್ದು, ಕೊನೆಯ ಅಕ್ಷರ ‘ಝೆಡ್’ ಕೂಡ ಅವರದ್ದೇ. ಬಾಯಿ ಮಾತ್ರ ನಮ್ಮದು. ‘ಕ್ಲಾಸ್’, ‘ಪಾಸ್’, ‘ಬಾತ್‌ರೂಂ’ ಅನ್ನುವಾಗ ದಕ್ಷಿಣ ಇಂಗ್ಲೆಂಡಿನವರ ಉದ್ದ ‘ಆ’ ಹಿಡಿಯುತ್ತೇವೆ. ಅದೇ ಉಸಿರಿನಲ್ಲಿ ‘ಡ್ಯಾನ್ಸ್’ ಅಂತ ಅಮೆರಿಕನ್ನರ ಕಡೆ ವಾಲುತ್ತೇವೆ. ಮ್ಯಾಂಚೆಸ್ಟರ್, ಲೀಡ್ಸ್ ಕಡೆಯವರೂ ‘ಬಾತ್’ ಅನ್ನದೆ ಗಿಡ್ಡ ಸ್ವರ ಹಚ್ಚುತ್ತಾರೆ, ಹಾಗಾಗಿ ಇದು ಬರೀ ಎರಡು ದೇಶಗಳ ಜಗಳವಲ್ಲ. ‘ಡಾಕ್ಟರ್’, ‘ಬಾಕ್ಸ್’, ‘ಹಾಟ್’ ಅನ್ನುವಾಗಲಂತೂ ಅಚ್ಚರಿ. ಬ್ರಿಟಿಷರು ಅಲ್ಲಿ ತುಟಿ ದುಂಡು ಮಾಡಿ ಗಿಡ್ಡ ‘ಒ’ದಂಥ ಸ್ವರ ತೆಗೆಯುತ್ತಾರೆ, ಅಮೆರಿಕನ್ನರು ಬಾಯಿ ಅಗಲಿಸಿ ‘ಆ’ ಅನ್ನುತ್ತಾರೆ. ಅಮೆರಿಕ ನೋಡದ ನಮ್ಮ ಹಳ್ಳಿಯ ಅಜ್ಜಿಯ ‘ಡಾಕ್ಟ್ರು’ ಶಿಕಾಗೋಗೆ ಹತ್ತಿರ.

ಪ್ರಶ್ನೆ: ಮಗಳು ಓದೋಕೆ ಇಂಗ್ಲೆಂಡಿಗೆ ಹೋಗಬೇಕು ಅಂತಿದ್ದಾಳೆ. ಐಇಎಲ್‌ಟಿಎಸ್ ಅನ್ನೋ ಇಂಗ್ಲಿಷ್ ಪರೀಕ್ಷೆಗೆ ಬ್ರಿಟಿಷ್ ಆಕ್ಸೆಂಟ್ ಇರಲೇಬೇಕು ಅಂತ ಒಂದು ಕೋಚಿಂಗ್‌ನವರು ಹೇಳಿ ಅದಕ್ಕೆ ಬೇರೆ ಫೀಸು ಕೇಳುತ್ತಿದ್ದಾರೆ. ಕಟ್ಟಲಾ?
– ದಾವಣಗೆರೆಯ ತಾಯಿ

ಉತ್ತರ: ಕಟ್ಟಬೇಡಿ ಅಮ್ಮ. ಮಾತಿನ ಪರೀಕ್ಷೆಯಲ್ಲಿ ನಾಲ್ಕು ಅಂಶ ನೋಡುತ್ತಾರೆ: ತಡವರಿಸದೆ ಕೂಡಿಸಿ ಮಾತಾಡುವುದು, ಪದಗಳು, ವ್ಯಾಕರಣ, ಉಚ್ಚಾರಣೆ. ಉಚ್ಚಾರಣೆ ಅಂದರೆ ಕೇಳುವವರಿಗೆ ಸಲೀಸಾಗಿ ಅರ್ಥವಾಗಬೇಕು ಅಂತ. ಕನ್ನಡದ ಛಾಯೆ ಇದೆ ಅನ್ನುವ ಕಾರಣಕ್ಕೆ ಅಂಕ ಕಡಿಯುವುದಿಲ್ಲ. ಕೇಳುವ ಪರೀಕ್ಷೆಯಲ್ಲಿ ಮಾತ್ರ ಬ್ರಿಟಿಷ್, ಆಸ್ಟ್ರೇಲಿಯನ್, ಅಮೆರಿಕನ್ ಎಲ್ಲ ಬಗೆಯ ದನಿಗಳೂ ಬರಬಹುದು, ಅದಕ್ಕೆ ಕಿವಿ ಪಳಗಿಸಿಕೊಳ್ಳಲಿ.

ಅಷ್ಟಕ್ಕೂ ಬ್ರಿಟಿಷ್ ಆಕ್ಸೆಂಟ್ ಅಂದರೆ ಯಾವುದು? ಗ್ಲಾಸ್ಗೋದ್ದಾ, ಲಿವರ್‌ಪೂಲ್‌ದ್ದಾ, ಬ್ರಿಸ್ಟಲ್‌ದ್ದಾ? ಸ್ಕಾಟ್ಲೆಂಡಿನವರು ಇವತ್ತಿಗೂ ‘ರ್’ ಬಿಟ್ಟಿಲ್ಲ. ಕೋಚಿಂಗ್‌ನವರು ಮಾರುತ್ತಿರುವುದು ಹಳೆಯ ಬಿಬಿಸಿಯ ಗತ್ತಿನ ದನಿಯನ್ನು, ಅದು ಅಲ್ಲೇ ತೀರಾ ಕಡಿಮೆ ಜನ ಆಡುವುದು. 1941ರಲ್ಲಿ ಬಿಬಿಸಿ ಯಾರ್ಕ್‌ಷೈರ್‌ನ ವಿಲ್‌ಫ್ರೆಡ್ ಪಿಕಲ್ಸ್ ಅವರನ್ನು ವಾರ್ತೆ ಓದಲು ಕೂರಿಸಿದಾಗ ಅವರ ಊರಿನ ರಾಗ ಕೇಳಿ ದೂರು ಕೊಟ್ಟವರು ಬಹಳ. ಈಗ ಅದೇ ಬಿಬಿಸಿಯಲ್ಲಿ ಎಲ್ಲ ಸೀಮೆಯವರ ದನಿಯೂ ಕೇಳಿಸುತ್ತೆ.

ಮಗಳಿಗೆ ತಿದ್ದಿಕೊಳ್ಳೋಕೆ ಬೇರೆ ಕೆಲಸ ಇದೆ. ‘ಎಂ.ಎಲ್.ಎ’ಯನ್ನು ‘ಯೆಮ್ಮೆಲ್ಲೆ’ ಅನ್ನುವ ನಮ್ಮ ಅಭ್ಯಾಸ, ಎರಡು ಬಗೆಯ ‘ವ’ವನ್ನು ಒಂದೇ ಮಾಡುವುದು (‘ವೈನ್’ ಕುಡಿಯುವುದಕ್ಕೆ ತುಟಿ ದುಂಡಗಿರಬೇಕು, ಬಳ್ಳಿ ಅನ್ನುವ ‘ವೈನ್’ಗೆ ಹಲ್ಲು ಕೆಳತುಟಿಗೆ ತಾಗಬೇಕು), ಮತ್ತೆ ಎಲ್ಲ ಅಕ್ಷರಕ್ಕೂ ಒಂದೇ ತೂಕ ಕೊಡುವುದು. ಇಂಗ್ಲಿಷ್‌ನಲ್ಲಿ ಒತ್ತು ತಪ್ಪಿದರೆ ಪದವೇ ಅರ್ಥವಾಗದೆ ಹೋಗಬಹುದು. ಇನ್ನೊಂದಿದೆ, ಯಾರೂ ಹೇಳಿಕೊಡುವುದಿಲ್ಲ. ಪದದ ಮೊದಲಲ್ಲಿ ಪ, ಟ, ಕ ಬಂದರೆ ಬ್ರಿಟಿಷರೂ ಅಮೆರಿಕನ್ನರೂ ಅದಕ್ಕೆ ಉಸಿರು ಸೇರಿಸಿ ಮಹಾಪ್ರಾಣದ ಹಾಗೆ ಹೇಳುತ್ತಾರೆ. ‘ಟೈಮ್’ ಅನ್ನೋದು ‘ಠೈಮ್’ ಅನ್ನೋ ಥರ. ನಾವು ಮೆತ್ತಗೆ ‘ಪಿನ್’ ಅಂದರೆ ಅವರಿಗೆ ಕೆಲವೊಮ್ಮೆ ‘ಬಿನ್’ ಕೇಳಿಸುತ್ತೆ.

ಪ್ರಶ್ನೆ: ನಮ್ಮ ಭಾವ ಅಮೆರಿಕಕ್ಕೆ ಹೋಗಿ ಇನ್ನೂ ಎರಡು ವರ್ಷ ಆಗಿಲ್ಲ, ಆಗಲೇ ‘ಟ್ವೆನಿ’, ‘ಇನರ್ನೆಟ್’ ಅಂತಾರೆ. ಇದು ಬರೀ ಸೋಗು ಅಲ್ವಾ?
– ಮಂಡ್ಯದ ಓದುಗರು

ಉತ್ತರ: ಕೆಲಸದ ಕಡೆ ದಿನವಿಡೀ ಕೇಳುವುದು ನಾಲಿಗೆಗೆ ಅಂಟುತ್ತೆ, ಅದರಲ್ಲಿ ಸೋಗೇನಿಲ್ಲ. ಬೆಂಗಳೂರಿನ ಕಾಲ್ ಸೆಂಟರ್‌ಗಳಲ್ಲಿ ಹೆಸರನ್ನೇ ಬದಲಿಸಿಕೊಂಡು ರಾತ್ರಿಯೆಲ್ಲ ಅಮೆರಿಕನ್ ಥರ ಮಾತಾಡಿದವರು ಬೆಳಿಗ್ಗೆ ಮನೆಗೆ ಬಂದು ಅಪ್ಪಟ ಕನ್ನಡದಲ್ಲಿ ಕಾಫಿ ಕೇಳಿದ್ದುಂಟು. ಆದರೆ ಭಾವ ‘ಮಂಡ್ಯ’ವನ್ನೇ ‘ಮ್ಯಾಂಡಿಯಾ’ ಅಂತಾರಾ? ಅಂದರೆ ಅದು ಸೋಗೇ. ಬಸರಾಳಿನ ಕಡೆ ಬಸ್ ಹತ್ತಿಸಿ, ಸರಿಹೋಗುತ್ತಾರೆ.

ಪ್ರಶ್ನೆ: ಅಮೆರಿಕದ ರಾಜ್ಯಗಳಲ್ಲಿ Kansas ‘ಕ್ಯಾನ್ಸಸ್’ ಸರಿ, Arkansas ‘ಆರ್ಕ್ಯಾನ್ಸಾ’ ಯಾಕೆ?
– ರಾಯಚೂರಿನ ಓದುಗರು

ಉತ್ತರ: ಎರಡೂ ಸ್ಥಳೀಯ ಬುಡಕಟ್ಟುಗಳ ಹೆಸರೇ, ಆದರೆ ‘ಆರ್ಕ್ಯಾನ್ಸಾ’ ಫ್ರೆಂಚರ ಬಾಯಿಂದ ಬಂದದ್ದು, ಅವರು ಕೊನೆಯ ‘ಸ್’ ಹೇಳುವುದಿಲ್ಲ. ಹೇಗೆ ಕರೆಯಬೇಕು ಅನ್ನುವ ಜಗಳ ಜೋರಾಗಿ, ಕೊನೆಗೆ 1881ರಲ್ಲಿ ಅಲ್ಲಿನ ಶಾಸನಸಭೆ ‘ಸ್’ ಬೇಡ ಅಂತ ನಿರ್ಣಯವನ್ನೇ ಮಾಡಿತು. ಬ್ರಿಟನ್ನಿನಲ್ಲಿ ಹಾಗೆ ಯಾರೂ ನಿರ್ಣಯ ಮಾಡುವುದಿಲ್ಲ, ಅಲ್ಲಿ Leicester ‘ಲೆಸ್ಟ’, Worcester ‘ವುಸ್ಟ’, Greenwich ‘ಗ್ರೆನಿಚ್’ ಅಂತ ಕೇಳಿ ಕೇಳಿಯೇ ಕಲಿಯಬೇಕು. ಹಾಂ, ಟೆಕ್ಸಾಸ್‌ನ ಊರು ‘ಹ್ಯೂಸ್ಟನ್’, ನ್ಯೂಯಾರ್ಕಿನಲ್ಲಿ ಅದೇ ಸ್ಪೆಲ್ಲಿಂಗಿನ ರಸ್ತೆ ‘ಹೌಸ್ಟನ್’. ಟ್ಯಾಕ್ಸಿಯವರ ಹತ್ತಿರ ಜೋಪಾನ.