ಮನಸ್ಸು ಚುಚ್ಚೋದು ಹುಟ್ಟುಗುಣನಾ, ಕಲಿತದ್ದಾ?

ಪ್ರಶ್ನೆ: ನನ್ನ ಮೊಮ್ಮಗಳಿಗೆ ಇನ್ನೂ ಎರಡು ವರ್ಷ ತುಂಬಿಲ್ಲ. ಮೊನ್ನೆ ಅಣ್ಣನ ಕೈ ಕಚ್ಚಿದ್ಲು, ಅವ್ನು ಜೋರಾಗಿ ಅಳೋಕೆ ಶುರು ಮಾಡಿದ ತಕ್ಷಣ ತನ್ನ ಗೊಂಬೆ ತಂದು ಅವನ ಮಡಿಲಿಗೆ ಹಾಕಿದ್ಲು. ಯಾರೂ ಹೇಳಿಕೊಟ್ಟಿರ್ಲಿಲ್ಲ. ಸಂದೇಹ ಬಂದಾಗ ಸಜ್ಜನರಿಗೆ ಅಂತಃಕರಣವೇ ಪ್ರಮಾಣ ಅಂತ ಕಾಳಿದಾಸನೂ ಹೇಳಿದ್ದಾನೆ. ಅಂದ್ಮೇಲೆ ಒಳ್ಳೇದು ಕೆಟ್ಟದ್ದು ಹುಟ್ಟಿನಿಂದ್ಲೇ ನಮ್ಮೊಳಗೆ ಇರುತ್ತೆ ಅಂತ ತಾನೇ? ನಮ್ಮ ಯಜಮಾನ್ರು ಒಪ್ಪಲ್ಲ, ಎಲ್ಲಾ ಸಂಸ್ಕಾರ ಅಂತಾರೆ.
— ನಿವೃತ್ತ ಶಿಕ್ಷಕಿ, ಸಾಗರ

ಉತ್ತರ: ನಿಮ್ಮ ಮೊಮ್ಮಗಳು ಮಾಡಿದ್ದನ್ನ ವಿಜ್ಞಾನಿಗಳೂ ನೋಡಿದ್ದಾರೆ ಮೇಡಂ. 2006ರಲ್ಲಿ ಫೆಲಿಕ್ಸ್ ವಾರ್ನೆಕೆನ್, ಮೈಕೆಲ್ ಟೊಮಾಸೆಲ್ಲೊ ಅನ್ನೋರು ಹದಿನೆಂಟು ತಿಂಗಳ ಮಕ್ಕಳ ಮುಂದೆ ಬಟ್ಟೆ ಕ್ಲಿಪ್ ಕೈಜಾರಿ ಬಿದ್ದ ಹಾಗೆ ಬೀಳಿಸಿ, ಎಟುಕದೆ ಒದ್ದಾಡಿದ್ರು, ಮಕ್ಕಳು ತಾವಾಗೇ ಎದ್ದು ಬಂದು ಎತ್ತಿಕೊಟ್ವು, ಬಹುಮಾನ ಇಲ್ಲ, ಹೊಗಳಿಕೆ ಇಲ್ಲ. ಬೇಕಂತ್ಲೇ ಎಸೆದಾಗ ಮಾತ್ರ ಹಾಗೆ ಎತ್ತಿಕೊಡೋಕೆ ಬರ್ಲಿಲ್ಲ. ನನಗೆ ಈ ಎರಡನೇ ಮಾತೇ ಹೆಚ್ಚು ಇಷ್ಟ, ಯಾಕಂದ್ರೆ ಎದುರಿನವರಿಗೆ ನಿಜವಾಗ್ಲೂ ಏನು ಬೇಕು ಅನ್ನೋದು ಆ ವಯಸ್ಸಿಗೇ ಗೊತ್ತಾಗುತ್ತೆ ಅಂತ ಆಯ್ತಲ್ಲ.

ಇನ್ನೂ ಚಿಕ್ಕ ಮಕ್ಕಳ ವಿಷ್ಯಕ್ಕೆ ಬಂದ್ರೆ ಸ್ವಲ್ಪ ಹುಷಾರಾಗಿರ್ಬೇಕು. 2007ರಲ್ಲಿ ಅಮೆರಿಕದ ಯೇಲ್ ಯೂನಿವರ್ಸಿಟಿಯಲ್ಲಿ ಆರು ತಿಂಗಳ, ಹತ್ತು ತಿಂಗಳ ಕೂಸುಗಳಿಗೆ ಒಂದು ಆಟ ತೋರಿಸಿದ್ರು. ಕಣ್ಣು ಅಂಟಿಸಿದ ಒಂದು ಮರದ ಗೊಂಬೆ ಗುಡ್ಡ ಹತ್ತೋಕೆ ನೋಡುತ್ತೆ, ಒಂದು ಗೊಂಬೆ ಹಿಂದಿನಿಂದ ತಳ್ಳಿ ಸಹಾಯ ಮಾಡುತ್ತೆ, ಇನ್ನೊಂದು ಮೇಲಿನಿಂದ ಕೆಳಗೆ ದೂಡುತ್ತೆ. ಯಾವ್ದು ಬೇಕು ಅಂತ ಮುಂದೆ ಹಿಡಿದಾಗ ಹತ್ತು ತಿಂಗಳ 16 ಕೂಸುಗಳಲ್ಲಿ 14, ಆರು ತಿಂಗಳ 12ಕ್ಕೆ 12, ಸಹಾಯ ಮಾಡಿದ ಗೊಂಬೇನೇ ಹಿಡ್ಕೊಂಡ್ವು. ಮಗು ಹುಟ್ಟುತ್ತಲೇ ನ್ಯಾಯ ಬಲ್ಲದು ಅಂತ ಆಗ ದೊಡ್ಡ ಸುದ್ದಿಯಾಯ್ತು. ಆದ್ರೆ ಆಮೇಲೆ ಬೇರೆ ಬೇರೆ ದೇಶದ ಎಷ್ಟೋ ಲ್ಯಾಬ್‌ಗಳು ಸೇರಿ, ಐನೂರಕ್ಕೂ ಹೆಚ್ಚು ಕೂಸುಗಳ ಮೇಲೆ ಇದೇ ಪ್ರಯೋಗ ಮಾಡಿ 2024ರಲ್ಲಿ ಫಲಿತಾಂಶ ಕೊಟ್ರು, ಅದ್ರಲ್ಲಿ ಸಹಾಯ ಮಾಡಿದ ಗೊಂಬೆ ಆರಿಸಿದ್ದು ಹೆಚ್ಚುಕಮ್ಮಿ ಅರ್ಧದಷ್ಟು ಕೂಸುಗಳು ಮಾತ್ರ. ಹಾಗಾಗಿ ಆರು ತಿಂಗಳ ಕೂಸಿಗೆ ನ್ಯಾಯ ಗೊತ್ತು ಅಂತ ನಾನಂತೂ ಹೇಳಲ್ಲ. ಬೇರೆಯವ್ರ ನೋವು ನಮ್ಮನ್ನ ತಟ್ಟೋ ಗುಣ ಮಾತ್ರ ಬಹಳ ಬೇಗ ಕಾಣಿಸುತ್ತೆ, ಅದು ಹುಟ್ಟಿನಿಂದ ಬಂದದ್ದು ಅನ್ನೋಕೆ ಕಾರಣ ಇದೆ.

ಕಾಳಿದಾಸನ ಮಾತಿಗೆ ಬರೋಣ. ಅದನ್ನ ಹೇಳೋನು ದುಷ್ಯಂತ, ಯಾವಾಗ ಹೇಳ್ತಾನೆ ನೋಡಿ. ಆಶ್ರಮದಲ್ಲಿ ಶಕುಂತಲೆಯನ್ನ ನೋಡಿ ಮನಸ್ಸು ಸೋತಿದ್ದಾನೆ, ಇವಳು ಕ್ಷತ್ರಿಯ ಮದುವೆಯಾಗಬಹುದಾದ ಕುಲದವಳೋ ಅಲ್ವೋ ಅನ್ನೋ ಅನುಮಾನ, ಆಗ ತನಗೆ ತಾನೇ ಸಮಾಧಾನ ಹೇಳ್ಕೊಳ್ತಾನೆ, ನನ್ನಂಥವನ ಮನಸ್ಸೇ ಇವಳನ್ನ ಬಯಸಿದೆ ಅಂದ್ಮೇಲೆ ತಪ್ಪಿರೋಕೆ ಸಾಧ್ಯವೇ ಇಲ್ಲ ಅಂತ. ಅಂದ್ರೆ ಅಲ್ಲಿ ತೀರ್ಪು ಕೊಟ್ಟಿದ್ದು ಆಸೆ, ಸಹಿ ಹಾಕಿದ್ದು ಅಂತಃಕರಣದ ಹೆಸರಲ್ಲಿ. ಇದು ನಮ್ಮೆಲ್ರಿಗೂ ಆಗುತ್ತೆ. ಹಾಗಾಗಿ ನಿಮ್ಮದೂ ಸರಿ, ನಿಮ್ಮ ಯಜಮಾನ್ರದ್ದೂ ಸರಿ: ಹಸಿವು ಹುಟ್ಟಿನಿಂದ್ಲೇ ಇರುತ್ತೆ, ಆದ್ರೆ ಯಾವುದು ಊಟ ಯಾವುದು ಹೇಸಿಗೆ ಅಂತ ಮನೆ ಕಲಿಸುತ್ತೆ, ಮನಸ್ಸಾಕ್ಷಿನೂ ಹಾಗೇ.

ಪ್ರಶ್ನೆ: ನಮ್ಮನೇಲಿ ಕೆಲಸಕ್ಕೆ ಬರೋರಿಗೆ ಕಾಫಿ ಕೊಡೋಕೆ ಬೇರೆ ಲೋಟ ಇದೆ, ಹಿತ್ತಿಲ ಕಿಟಕಿ ಮೇಲೆ ಇಟ್ಟಿರ್ತಾರೆ. ಮದುವೆಯಾಗಿ ಬಂದಾಗಿನಿಂದ ನನಗೆ ಚುಚ್ಚುತ್ತೆ. ಅತ್ತೆಗೆ ಏನೂ ಅನ್ಸಲ್ಲ, ಆದ್ರೆ ಅವರು ಕೆಟ್ಟವರಲ್ಲ, ಅದೇ ಕೆಲಸದಾಕೆಯ ಮಗಳಿಗೆ ಜ್ವರ ಬಂದಾಗ ತಾವೇ ಆಸ್ಪತ್ರೆಗೆ ಕರ್ಕೊಂಡು ಹೋದ್ರು. ಇಬ್ಬರಿಗೂ ಮನಸ್ಸಾಕ್ಷಿ ಇದೆ, ಯಾರದ್ದು ಸರಿ?
— ಓದುಗಿ, ತುಮಕೂರು

ಉತ್ತರ: ನಿಮ್ಮದು ಸರಿ. ಆದ್ರೆ ನಿಮಗೆ ಚುಚ್ಚುತ್ತೆ ಅನ್ನೋ ಕಾರಣಕ್ಕಲ್ಲ, ಆ ಲೋಟ ಹಿಡಿದು ಕಾಫಿ ಕುಡಿಯೋಳಿಗೆ ದಿನಾ ಅವಮಾನ ಆಗ್ತಿದೆ ಅನ್ನೋ ಕಾರಣಕ್ಕೆ.

ಅತ್ತೆಯವರ ಬಗ್ಗೆ ನೀವು ಬರೆದಿದ್ದೇ ಈ ವಿಷಯದ ಕಷ್ಟ. ದಕ್ಷಿಣ ಕನ್ನಡ, ಉಡುಪಿ ಕಡೆ ಅಜಲು ಪದ್ಧತಿ ಅಂತ ಇತ್ತು, ಅನ್ನಕ್ಕೆ ಕೂದಲು, ಉಗುರು ಬೆರೆಸಿ ಕೊರಗ ಸಮುದಾಯದವರಿಗೆ ತಿನ್ನಿಸ್ತಿದ್ರು, ಮನೆಯ ಅನಿಷ್ಟ ಅವರ ಪಾಲಿಗೆ ಹೋಗ್ಲಿ ಅಂತ. ಅದನ್ನ ಮಾಡಿದವರು ರಾಕ್ಷಸರಲ್ಲ, ಸಂಜೆ ದೀಪ ಹಚ್ಚೋರು, ಮಕ್ಕಳಿಗೆ ಸುಳ್ಳು ಹೇಳ್ಬೇಡ ಅಂತ ಬುದ್ಧಿ ಹೇಳೋರು, ಹಾಗೆ ಮಾಡದಿದ್ರೇನೇ ಪಾಪ ಅಂತ ಅವರ ಮನಸ್ಸು ಹೇಳ್ತಿತ್ತು. ಅದನ್ನ ನಿಷೇಧಿಸೋ ಕಾನೂನು ನಮ್ಮ ರಾಜ್ಯಕ್ಕೆ ಬಂದಿದ್ದು 2000ದಲ್ಲಿ, ಅದೂ ಕೊರಗರೇ ಸಂಘಟನೆ ಕಟ್ಟಿ ದನಿ ಎತ್ತಿದ್ಮೇಲೆ. ಮಾಡ್ತಿದ್ದವರ ಒಳಗಿನ ಸಾಕ್ಷಿ ತಾನಾಗಿ ಎದ್ದೇಳ್ಲಿ ಅಂತ ಕಾದಿದ್ರೆ ಇನ್ನೂ ಕಾಯ್ತಾನೇ ಇರ್ಬೇಕಿತ್ತು.

ಆದ್ರೆ ಅದೇ ಕರಾವಳಿಯಲ್ಲಿ, ಅದೇ ಸಂಸ್ಕಾರದಲ್ಲಿ ಬೆಳೆದ ಕುದ್ಮುಲ್ ರಂಗರಾಯರು 1892ರಲ್ಲಿ ಮಂಗಳೂರಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದ್ರು. ಸಾರಸ್ವತ ಬ್ರಾಹ್ಮಣರು, ವಕೀಲರು, ಜಾತಿಯವರು ಬಹಿಷ್ಕಾರ ಹಾಕಿದ್ರೂ ಬಿಡ್ಲಿಲ್ಲ. ತನ್ನ ಶಾಲೇಲಿ ಕಲಿತ ಮಗು ದೊಡ್ಡದಾಗಿ ಕಾರಲ್ಲಿ ಓಡಾಡ್ಬೇಕು, ಆ ಕಾರಿನ ಧೂಳು ತನ್ನ ತಲೆಗೆ ತಾಕಬೇಕು ಅನ್ನೋದು ಅವರ ಆಸೆ. ಸಂಸ್ಕಾರವೇ ಎಲ್ಲಾ ಅನ್ನೋರು ಇಂಥವರನ್ನ ಹೇಗೆ ವಿವರಿಸ್ತಾರೋ ನನಗೆ ತಿಳಿಯಲ್ಲ. ತಟ್ಟೋ ಗುಣ ಎಲ್ಲರಿಗೂ ಇರುತ್ತೆ, ಯಾರ ನೋವು ತಟ್ಟಬೇಕು ಅನ್ನೋದಕ್ಕೆ ಮನೆಯವರು ಗೆರೆ ಹಾಕಿರ್ತಾರೆ, ಕೆಲವರು ಆ ಗೆರೆ ದಾಟಿ ಎದುರಿನವರ ಹತ್ರ ಹೋಗಿ ಕೂರ್ತಾರೆ.

ನಿಮ್ಮ ಅತ್ತೆ ಆಸ್ಪತ್ರೆ ತನಕ ದಾಟಿದ್ದಾರೆ, ಲೋಟದ ಹತ್ರ ನಿಂತಿದ್ದಾರೆ ಅಷ್ಟೇ. ಜಗಳ ತೆಗೀಬೇಡಿ, ಆದ್ರೆ ಅವರು ಒಪ್ಪೋ ತನಕ ಕಾಯೋದೂ ಬೇಡ. ಕೆಲಸದಾಕೆಯನ್ನ "ನಿಂಗೆ ಬೇಜಾರಾಗುತ್ತಾ" ಅಂತ ಕೇಳೋಕೆ ಹೋಗ್ಬೇಡಿ, ಸಂಬಳ ನಿಮ್ಮ ಕೈಲಿರುವಾಗ "ಪರ್ವಾಗಿಲ್ಲ ಅಕ್ಕಾ" ಅಂತಾನೇ ಅಂತಾಳೆ. ನಾಳೆಯಿಂದ ನೀವು ಕುಡಿಯೋ ಸ್ಟೀಲ್ ಲೋಟದಲ್ಲೇ ಅವಳಿಗೂ ಕೊಡಿ, ನೀವೂ ಜೊತೇಲಿ ಕೂತು ಕುಡೀರಿ, ಅತ್ತೆ ಕೇಳಿದ್ರೆ ಆಸ್ಪತ್ರೆ ದಿನ ಅವರು ಮಾಡಿದ್ದನ್ನೇ ನೆನಪಿಸಿ, ಅದನ್ನ ನೋಡೇ ಕಲಿತೆ ಅಂತ ಹೇಳಿ.